ಅಂಗೈಯ ಯಂತ್ರವೂ ರೈತನ ವ್ಯಾಪಾರವೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಿಟಿಎಂ ಲೇಔಟ್ ಎಂಬ ಬಡಾವಣೆಯ ಹೆಸರನ್ನು ಕೇಳದವರು ಈಗ ವಿರಳ. ಆದರೆ ಆ ಮೂರು ಇಂಗ್ಲಿಷ್ ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಹೆಸರಿನ ಮೊದಲಕ್ಷರಗಳೆಂಬುದನ್ನು ಅಲ್ಲಿ ವಾಸಿಸುವವರಲ್ಲಿಯೇ ಅನೇಕರು ಅರಿಯರು. ಹಿಂದೆ ಹೊಲಗದ್ದೆಗಳಿದ್ದ ಈ ಗ್ರಾಮಗಳ ನೆಲದಲ್ಲಿ ಈಗ ಸಾಲುಸಾಲಾಗಿ ಮನೆಗಳೂ, ಗಣಕಯಂತ್ರದ ಕಂಪನಿಗಳಲ್ಲಿ ದುಡಿಯುವ ತರುಣರ ವಸತಿಗೃಹಗಳೂ ಎದ್ದಿವೆ. ಹಳೆಯ ಕಾಲದ ಗುರುತಾಗಿ ಮಡಿವಾಳದ ಕೆರೆಯೊಂದು ಉಳಿದಿದೆ.

ಈ ಬಡಾವಣೆಯ ಬೀದಿಯಲ್ಲಿ ಬೆಳಗ್ಗೆ ಸೊಪ್ಪು ಮಾರುವವನ ತಳ್ಳುಗಾಡಿಯನ್ನು ನೋಡಿದರೆ, ತಕ್ಕಡಿಯ ಪಕ್ಕದಲ್ಲಿ ಕಪ್ಪುಬಿಳುಪಿನ ಚೌಕಗಳುಳ್ಳ ಒಂದು ರಟ್ಟು ತೂಗಾಡುತ್ತಿರುವುದು ಕಾಣುತ್ತದೆ. ಕೊಳ್ಳುವವರು ತಮ್ಮ ಮೊಬೈಲನ್ನು ಅದರ ಮುಂದೆ ಹಿಡಿದೊಡನೆ ಹಣವು ಅವರ ಬ್ಯಾಂಕಿನ ಖಾತೆಯಿಂದ ಮಾರುವವನ ಖಾತೆಗೆ ಸೇರುತ್ತದೆ. ಬೀದಿಗೆ ಬರಲು ಇಷ್ಟವಿಲ್ಲದವರು ಮನೆಯಲ್ಲಿಯೇ ಕುಳಿತು ಮೊಬೈಲಿನ ಮೂಲಕ ತರಕಾರಿಯನ್ನು ತರಿಸಿಕೊಳ್ಳುತ್ತಾರೆ. ನೆರೆಯ ಕೋರಮಂಗಲದಲ್ಲಿ ೨೦೦೭ರಲ್ಲಿ ಫ್ಲಿಪ್‌ಕಾರ್ಟ್ ಎಂಬ ಅಂತರಜಾಲದ ಅಂಗಡಿಯು ಪುಸ್ತಕಗಳ ಮಾರಾಟದಿಂದ ಆರಂಭವಾಯಿತು. ೨೦೧೧ರಲ್ಲಿ ಬೆಂಗಳೂರಿನಲ್ಲಿಯೇ ಬಿಗ್‌ಬಾಸ್ಕೆಟ್ ಎಂಬ ಸಂಸ್ಥೆಯು ದಿನಸಿ ತರಕಾರಿಗಳನ್ನು ಮನೆಬಾಗಿಲಿಗೆ ಒದಗಿಸಲು ಮೊದಲುಮಾಡಿತು. ಹೀಗೆ ವ್ಯಾಪಾರದ ರೀತಿಯೇ ಕೆಲವು ವರ್ಷಗಳಲ್ಲಿ ಮಾರ್ಪಟ್ಟಿದೆ.

ಇವೆಲ್ಲ ಪಟ್ಟಣದವರ ಸೊಗಸುಗಳು, ಇದರಿಂದ ಹಳ್ಳಿಗೇನು, ಎಂದು ಕೆಲವರು ಕೇಳುವುದುಂಟು. ಆ ತಳ್ಳುಗಾಡಿಯ ಸೊಪ್ಪು ಬೆಳೆದುದು ಹಳ್ಳಿಯಲ್ಲಿಯೇ. ಆನೇಕಲ್, ಹೊಸಕೋಟೆ, ಮಾಲೂರಿನ ಕಡೆಯ ರೈತನು ಬೆಳೆಯದಿದ್ದರೆ ಮೊಬೈಲನ್ನು ಎಷ್ಟು ಒತ್ತಿದರೂ ಒಂದು ಕಟ್ಟು ದಂಟಿನ ಸೊಪ್ಪು ಹುಟ್ಟಲಾರದು. ಆದುದರಿಂದ ಕೇಳತಕ್ಕ ಪ್ರಶ್ನೆಯು ಬೇರೆ. ಕೊಳ್ಳುವವನಿಗೆ ಸೌಕರ್ಯವಾಯಿತು, ನಡುವಿನ ವ್ಯಾಪಾರಿಗೆ ಲಾಭವಾಯಿತು, ಬೆಳೆದವನಿಗೆ ಏನಾಯಿತು? ಈ ಪ್ರಶ್ನೆಗೆ ಉತ್ತರವನ್ನು ಕರ್ನಾಟಕದ ರೈತರ ಅನುಭವದಿಂದಲೇ ಹುಡುಕುವುದು ಯುಕ್ತ.

ಪಹಣಿಯ ವಿಚಾರ

ಈ ಯಂತ್ರವು ಹಳ್ಳಿಗೆ ಮೊದಲು ಬಂದುದು ವ್ಯಾಪಾರದ ಮೂಲಕವಲ್ಲ, ಪಹಣಿಯ ಮೂಲಕ. ಹಿಂದೆ ಪಹಣಿಯು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ನಕಲು ಬೇಕಾದವನು ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿತ್ತು. ಪುಸ್ತಕದಲ್ಲಿ ಯಾರು ಏನನ್ನು ತಿದ್ದಿದರೆಂಬುದು ತಿಳಿಯುವ ಬಗೆಯಿರಲಿಲ್ಲ. ೨೦೦೦ದ ಸುಮಾರಿಗೆ ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ ೧೫ ರೂಪಾಯಿ ಕೊಟ್ಟವನಿಗೆ ಕೆಲವು ನಿಮಿಷಗಳಲ್ಲಿ ಪಹಣಿಯ ಪ್ರತಿಯು ದೊರೆಯತೊಡಗಿತು. ಇದರಿಂದ ರೈತರಿಗಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಯಂತ್ರವು ತನಗೆ ಕೊಟ್ಟುದನ್ನೇ ತಿರುಗಿ ಕೊಡುತ್ತದೆ. ಹಳೆಯ ಪುಸ್ತಕದಲ್ಲಿ ತಪ್ಪಾಗಿದ್ದ ಹೆಸರು ಯಂತ್ರದಲ್ಲಿಯೂ ತಪ್ಪಾಗಿಯೇ ಕುಳಿತಿತು. ತೀರಿಹೋದ ಅಜ್ಜನ ಹೆಸರಿನಲ್ಲಿದ್ದ ಖಾತೆಯು ಅಜ್ಜನ ಹೆಸರಿನಲ್ಲಿಯೇ ಉಳಿಯಿತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಯಂತ್ರಕ್ಕೆ ತಿಳಿಯದು. ಹಿಂದೆ ಇಂಥ ತಪ್ಪಿನಿಂದ ಆಗುತ್ತಿದ್ದ ಹಾನಿಯು ಒಂದು ಕಚೇರಿಯಲ್ಲಿಯೇ ನಿಲ್ಲುತ್ತಿತ್ತು. ಈಗ ಹಾಗಲ್ಲ. ‘ಫ್ರೂಟ್ಸ್’ ಎಂಬ ರೈತರ ನೋಂದಣಿಯಲ್ಲಿ ದೊರೆಯುವ ಎಫ್‌ಐಡಿ ಸಂಖ್ಯೆಯು ಪಹಣಿಯನ್ನು ಆಧರಿಸಿದುದು. ಬೆಳೆ ಸಮೀಕ್ಷೆಯು ಸರ್ವೆ ನಂಬರನ್ನು ಆಧರಿಸಿದುದು. ಬೆಂಬಲ ಬೆಲೆಯ ರಾಗಿ ಖರೀದಿ, ಬೆಳೆ ವಿಮೆ, ಬೆಳೆನಷ್ಟದ ಪರಿಹಾರ, ೨೦೧೯ರಲ್ಲಿ ಆರಂಭವಾದ ವರ್ಷಕ್ಕೆ ೬,೦೦೦ ರೂಪಾಯಿಗಳ ಪಿಎಂ ಕಿಸಾನ್ ಸಹಾಯ, ಇವೆಲ್ಲವೂ ಈ ದಾಖಲೆಗಳನ್ನೇ ನೋಡುತ್ತವೆ. ಒಂದೇ ಬೀಗದ ಕೈಯಿಂದ ಹತ್ತು ಬಾಗಿಲುಗಳು ತೆರೆಯುವಂತಾದಾಗ ಆ ಬೀಗದ ಕೈ ಸೊಟ್ಟಗಿದ್ದರೆ ಹತ್ತೂ ಬಾಗಿಲುಗಳು ಮುಚ್ಚಿಯೇ ಇರುತ್ತವೆ.

ಆದಕಾರಣ ದಾಖಲೆಯನ್ನು ನೇರ್ಪಡಿಸಿಕೊಳ್ಳುವ ಕೆಲಸವು ಬಿತ್ತನೆಗೆ ಮುಂಚೆ ಹೊಲವನ್ನು ಹಸನುಮಾಡುವ ಕೆಲಸದಷ್ಟೇ ಮುಖ್ಯವಾದುದು. ಪೌತಿ ಖಾತೆಯನ್ನು ಮುಂದಿನ ವರ್ಷ ಮಾಡಿಸಿದರಾಯಿತೆಂದು ತಳ್ಳುತ್ತ ಬಂದ ಕುಟುಂಬಗಳು ಮಳೆ ಕೈಕೊಟ್ಟ ವರ್ಷದಲ್ಲಿ ಅದರ ಬೆಲೆಯನ್ನು ತೆರುತ್ತವೆ.

ಮಾರುಕಟ್ಟೆಯ ವಿಚಾರ

ಹಿಂದಿನ ಮಂಡಿಗಳಲ್ಲಿ ದಲ್ಲಾಳಿಯೂ ವ್ಯಾಪಾರಿಯೂ ಟವೆಲಿನ ಮರೆಯಲ್ಲಿ ಬೆರಳು ಮುಟ್ಟಿ ಬೆಲೆಯನ್ನು ನಿಶ್ಚಯಿಸುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಎದುರಿಗೇ ನಿಂತಿದ್ದ ಮಾಲಿನ ಒಡೆಯನಿಗೆ ತನ್ನ ಮಾಲಿನ ಬೆಲೆಯು ಏನೆಂಬುದು ಕೊನೆಯಲ್ಲಿ ತಿಳಿಯುತ್ತಿತ್ತು. ಇಂಥ ಪದ್ಧತಿಗಳನ್ನು ಅಂಕೆಗೆ ತರಲೆಂದೇ ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಮೂಲಕ ಬಹಿರಂಗ ಹರಾಜು, ಸರಿಯಾದ ತೂಕ ಮುಂತಾದ ಕಟ್ಟಳೆಗಳು ಬಂದವು. ಆದರೂ ಒಂದೂರಿನ ಮಾರುಕಟ್ಟೆಯಲ್ಲಿ ಅದೇ ಊರಿನ ನಾಲ್ಕಾರು ವ್ಯಾಪಾರಿಗಳೇ ಕೊಳ್ಳುವವರಾಗಿರಲು ಪೈಪೋಟಿಯು ಹೆಸರಿಗೆ ಮಾತ್ರ ಉಳಿಯುತ್ತಿತ್ತು.

ಈ ಕೊರತೆಯನ್ನು ನೀಗಲು ಕರ್ನಾಟಕ ಸರ್ಕಾರವು ೨೦೧೪ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಇದರ ಕ್ರಮವು ಸುಲಭವಾದುದು. ಮಾಲು ಮಾರುಕಟ್ಟೆಯ ಬಾಗಿಲಿಗೆ ಬಂದಾಗ ರೈತನ ಹೆಸರನ್ನೂ ಮಾಲಿನ ವಿವರವನ್ನೂ ಬರೆದುಕೊಂಡು ಒಂದು ಲಾಟ್ ಸಂಖ್ಯೆಯನ್ನು ಕೊಡುತ್ತಾರೆ. ವ್ಯಾಪಾರಿಗಳು ತಮ್ಮ ತಮ್ಮ ಬೆಲೆಯನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ. ಒಬ್ಬನ ಬೆಲೆಯು ಇನ್ನೊಬ್ಬನಿಗೆ ತಿಳಿಯದು. ಗೊತ್ತಾದ ವೇಳೆಯು ಮುಗಿದ ಮೇಲೆ ಹೆಚ್ಚು ಬೆಲೆ ಕೂಗಿದವನಾರೆಂಬುದು ಹೊರಬೀಳುತ್ತದೆ; ರೈತನ ಮೊಬೈಲಿಗೂ ಸುದ್ದಿ ಬರುತ್ತದೆ. ಆ ಬೆಲೆಯು ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದಿರುವ ಹಕ್ಕು ರೈತನಿಗೆ ಉಂಟು. ಈ ಕೊನೆಯ ಮಾತನ್ನು ಅನೇಕ ರೈತರು ಅರಿಯರಾದ್ದರಿಂದ ಅದನ್ನು ಒತ್ತಿ ಹೇಳಬೇಕಾಗಿದೆ. ಇದೇ ಜಾಡಿನಲ್ಲಿ ಕೇಂದ್ರ ಸರ್ಕಾರವು ೨೦೧೬ರ ಏಪ್ರಿಲ್ ೧೪ರಂದು ಇ-ನ್ಯಾಮ್ ಎಂಬ ರಾಷ್ಟ್ರೀಯ ವೇದಿಕೆಯನ್ನು ತೆರೆಯಿತು.

ಇದರಿಂದ ರೈತನಿಗೆ ನಿಜವಾಗಿಯೂ ಹೆಚ್ಚು ಬೆಲೆ ದೊರೆಯಿತೆ? ಕರ್ನಾಟಕದ ಮಾರುಕಟ್ಟೆಗಳ ಧಾರಣೆಗಳನ್ನು ಪರಿಶೀಲಿಸಿ ವಿದ್ವಾಂಸರು ೨೦೨೦ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಈ ವೇದಿಕೆಯಿಂದ ಭತ್ತದ ಬೆಲೆಯು ಶೇಕಡಾ ೫.೧ರಷ್ಟೂ, ನೆಲಗಡಲೆಯದು ಶೇಕಡಾ ೩.೬ರಷ್ಟೂ, ಮುಸುಕಿನ ಜೋಳದ್ದು ಶೇಕಡಾ ೩.೫ರಷ್ಟೂ ಏರಿತು. ಇದೇನು ಮಹಾ ಏರಿಕೆ ಎಂದು ತೋರಬಹುದು. ಲೆಕ್ಕ ಹಾಕಿ ನೋಡಿದರೆ, ಕ್ವಿಂಟಾಲಿಗೆ ೨,೦೦೦ ರೂಪಾಯಿ ಬೆಲೆಯ ಭತ್ತಕ್ಕೆ ಇದು ೧೦೨ ರೂಪಾಯಿ ಆಗುತ್ತದೆ. ೪೦ ಕ್ವಿಂಟಾಲ್ ಮಾರುವವನಿಗೆ ೪,೦೮೦ ರೂಪಾಯಿ. ಬೆಳೆಯುವ ಖರ್ಚು ಒಂದು ಕಾಸೂ ಹೆಚ್ಚದೆ ಬಂದ ಈ ಹಣವೆಲ್ಲ ಉಳಿತಾಯಕ್ಕೇ ಸೇರುವುದರಿಂದ, ಅಲ್ಪ ಲಾಭದ ಮೇಲೆ ಬದುಕುವ ಸಣ್ಣ ರೈತನಿಗೆ ಅದು ಅಲ್ಪವಲ್ಲ.

ಅದೇ ಅಧ್ಯಯನವು ತಿಳಿಸುವ ಇನ್ನೊಂದು ವಿಷಯವು ವ್ಯವಸಾಯಗಾರರಿಗೆ ಇನ್ನೂ ಮುಖ್ಯವಾದುದು. ಮೇಲ್ತರದ ಮಾಲನ್ನು ತಂದವರಿಗೆ ಈ ವೇದಿಕೆಯಿಂದ ಹೆಚ್ಚಿನ ಲಾಭವಾಯಿತು. ಕಾರಣವು ಸ್ಪಷ್ಟವಾಗಿಯೇ ಇದೆ. ದೂರದಲ್ಲಿ ಕುಳಿತು ಬೆಲೆ ಹೇಳುವ ವ್ಯಾಪಾರಿಯು ಮಾಲನ್ನು ಮುಟ್ಟಿ ನೋಡಲಾರನು. ಪರೀಕ್ಷೆಯ ಚೀಟಿಯಲ್ಲಿರುವ ತೇವ, ಕಸ, ಮುರಿದ ಕಾಳುಗಳ ಅಂಕೆಗಳನ್ನು ನಂಬಿ ಬೆಲೆ ಕಟ್ಟುತ್ತಾನೆ. ಆದುದರಿಂದ ಕಟಾವಿನ ತರುವಾಯ ಕಾಳನ್ನು ಚೆನ್ನಾಗಿ ಒಣಗಿಸಿ, ತೂರಿ, ಜರಡಿ ಹಿಡಿದು, ತರಗತಿ ಮಾಡಿ ತರುವ ಹಳೆಯ ಬುದ್ಧಿಗೆ ಹೊಸ ಯಂತ್ರವು ಹೊಸ ಬೆಲೆ ತಂದಿದೆ. ಮುಸುಕಿನ ಜೋಳದ ತೇವವು ಶೇಕಡಾ ೧೪ನ್ನು ಮೀರದಂತೆ ಒಣಗಿಸಿದವನು ಬೆಲೆಯಲ್ಲಿಯೂ ಗೆಲ್ಲುತ್ತಾನೆ, ಬೂಷ್ಟಿನಿಂದಾಗುವ ನಷ್ಟವನ್ನೂ ತಪ್ಪಿಸಿಕೊಳ್ಳುತ್ತಾನೆ. ರಸ್ತೆಯ ಮೇಲೆ ಹರಡಿ ಮಣ್ಣುಕಲ್ಲುಗಳೊಡನೆ ಗುಡಿಸಿ ತುಂಬಿದ ಮಾಲಿಗೆ ಯಾವ ಯಂತ್ರವೂ ಒಳ್ಳೆಯ ಬೆಲೆ ಕೊಡಿಸಲಾರದು.

ಯಂತ್ರದಿಂದ ಆಗದ ಕೆಲಸವೊಂದುಂಟು, ಅದನ್ನೂ ಮುಚ್ಚಿಡಬಾರದು. ಬಿತ್ತನೆಯ ಕಾಲದಲ್ಲಿ ದಲ್ಲಾಳಿಯಿಂದ ಮುಂಗಡ ತೆಗೆದುಕೊಂಡ ರೈತನು ಮಾಲನ್ನು ಅವನ ಅಂಗಡಿಯ ಮುಂದೆಯೇ ಇಳಿಸಬೇಕಾಗುತ್ತದೆ. ಅವನ ಪಾಲಿಗೆ ರಾಜ್ಯದ ವ್ಯಾಪಾರಿಗಳೆಲ್ಲರೂ ಬೆಲೆ ಕೂಗಿದರೂ ಒಂದೇ, ಒಬ್ಬನೇ ಕೂಗಿದರೂ ಒಂದೇ. ಬೆಲೆಯ ಸ್ವಾತಂತ್ರ್ಯವು ಸಾಲದ ಸ್ವಾತಂತ್ರ್ಯದಿಂದ ಹುಟ್ಟತಕ್ಕದ್ದು. ಆದುದರಿಂದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವು ದುರ್ಬಲವಾಗಿರುವ ಗ್ರಾಮದಲ್ಲಿ ಹೊಸ ಮಾರುಕಟ್ಟೆಯ ಪ್ರಯೋಜನವು ಪೂರ್ಣವಾಗಿ ದೊರೆಯಲಾರದು.

ಹಾಲಿನ ಸಂಘಗಳಿಂದ ಕಲಿಯತಕ್ಕ ಪಾಠ

ಹೊಸ ಯಂತ್ರವು ಹಳ್ಳಿಯಲ್ಲಿ ಸದ್ದಿಲ್ಲದೆ ಜಯಶೀಲವಾದುದು ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ. ಹಿಂದೆ ಹಾಲನ್ನು ಅಳೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಜಿಡ್ಡಿನ ಅಂಶದ ವಿಷಯದಲ್ಲಿ ಆಗಾಗ ಜಗಳಗಳಾಗುತ್ತಿದ್ದವು. ಈಗ ಅನೇಕ ಸಂಘಗಳಲ್ಲಿ ಹಾಲಿನ ತೂಕ, ಜಿಡ್ಡು, ಬೆಲೆ ಮೂರನ್ನೂ ಯಂತ್ರವೇ ತೋರಿಸಿ ಚೀಟಿಯನ್ನು ಅಚ್ಚುಹಾಕಿ ಕೊಡುತ್ತದೆ. ಹಣವೂ ಸರ್ಕಾರದ ಪ್ರೋತ್ಸಾಹಧನವೂ ಬ್ಯಾಂಕಿನ ಖಾತೆಗೆ ನೇರವಾಗಿ ಸೇರುತ್ತವೆ. ಹಸುವನ್ನು ಸಾಕುವ ಹೆಂಗಸಿನ ಹೆಸರಿನಲ್ಲಿಯೇ ಖಾತೆಯಿದ್ದರೆ ಆಕೆಯ ದುಡಿಮೆಯ ಹಣವು ಆಕೆಯ ಕೈಗೇ ಬರುತ್ತದೆ.

ಇಲ್ಲಿ ಯಂತ್ರವು ಗೆದ್ದುದಕ್ಕೆ ಎರಡು ಕಾರಣಗಳಿವೆ. ಸಂಘವು ಸದಸ್ಯರ ಸ್ವಂತದ್ದು; ಲೆಕ್ಕವು ದಿನಕ್ಕೆರಡು ಬಾರಿ ಎಲ್ಲರ ಕಣ್ಣೆದುರಿನಲ್ಲಿ ನಡೆಯುತ್ತದೆ. ತರಕಾರಿಯನ್ನೂ ಕಾಳುಗಳನ್ನೂ ಬೆಳೆಯುವ ಸಣ್ಣ ರೈತರು ಒಬ್ಬೊಬ್ಬರಾಗಿ ಪಟ್ಟಣದ ದೊಡ್ಡ ಕಂಪನಿಯೊಡನೆ ವ್ಯವಹರಿಸುವುದಕ್ಕಿಂತ, ರೈತ ಉತ್ಪಾದಕ ಸಂಸ್ಥೆಯಾಗಿ ಕೂಡಿ, ಮಾಲನ್ನು ಒಂದೆಡೆ ತರಗತಿ ಮಾಡಿ ಮಾರಿದರೆ ಹೆಚ್ಚು ಬಲವುಂಟಾಗುತ್ತದೆ. ಬೆಂಗಳೂರಿನ ಸುತ್ತಲಿನ ತೋಟಗಾರರಿಗೆ ಇದು ಹೊಸ ಮಾತಲ್ಲ. ೧೯೫೯ರಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಯಂತ್ರವು ಹೊಸದಾದರೂ ಕೂಡಿ ಮಾರುವ ನೀತಿಯು ಹಳೆಯದೇ.

ಹಣದ ಪಾವತಿಯೂ ಲೆಕ್ಕವೂ

೨೦೧೬ರಲ್ಲಿ ಯುಪಿಐ ಎಂಬ ಪಾವತಿಯ ಕ್ರಮವು ಆರಂಭವಾದ ಮೇಲೆ ಚಹಾದ ಅಂಗಡಿಯಿಂದ ಹಿಡಿದು ಸಂತೆಯವರೆಗೂ ಅದು ಹರಡಿತು. ಆದರೆ ೨೦೨೫ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಅನೇಕ ಬೇಕರಿ, ಬೀಡಾ, ತರಕಾರಿ ಅಂಗಡಿಗಳವರು ಆ ರಟ್ಟುಗಳನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ಮೊಬೈಲಿನ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ಕಳುಹಿಸಿದ ನೋಟೀಸುಗಳೇ ಇದಕ್ಕೆ ಕಾರಣ. ಸರಕು ಮಾರುವವನ ವಾರ್ಷಿಕ ವಹಿವಾಟು ೪೦ ಲಕ್ಷ ರೂಪಾಯಿಗಳನ್ನು ಮೀರಿದರೆ ಜಿಎಸ್‌ಟಿ ನೋಂದಣಿಯು ಅವಶ್ಯಕವೆಂಬ ನಿಯಮವನ್ನು ಹಲವರು ತಿಳಿದಿರಲಿಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ ೧.೬೩ ಕೋಟಿ ರೂಪಾಯಿಗಳ ವಹಿವಾಟಿನ ಮೇಲೆ ಸುಮಾರು ೨೯ ಲಕ್ಷ ರೂಪಾಯಿಗಳ ನೋಟೀಸು ಬಂದಿತು. ತಾಜಾ ತರಕಾರಿಗೆ ಈ ತೆರಿಗೆಯೇ ಇಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಯಂತ್ರಕ್ಕೆ ಹಣದ ಮೊತ್ತ ಕಂಡಿತು. ಅದು ಯಾವುದರ ಹಣವೆಂಬುದು ಕಾಣಲಿಲ್ಲ. ತರುವಾಯ ಮುಖ್ಯಮಂತ್ರಿಗಳು ವ್ಯಾಪಾರಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಆಶ್ವಾಸನೆ ಕೊಟ್ಟರು.

ಈ ಪ್ರಸಂಗವನ್ನು ಕೇಳಿ ಹಳ್ಳಿಗಳಲ್ಲಿಯೂ ಕೆಲವರು ಬ್ಯಾಂಕಿನ ಮೂಲಕ ಹಣ ತೆಗೆದುಕೊಳ್ಳಲು ಅಂಜುತ್ತಿದ್ದಾರೆ. ಈ ಅಂಜಿಕೆಯು ಯುಕ್ತವಾದುದಲ್ಲ. ತನ್ನ ಜಮೀನಿನಲ್ಲಿ ಬೆಳೆದ ಬೆಳೆಯನ್ನು ಮಾರುವ ವ್ಯವಸಾಯಗಾರನು ಆ ಮಾರಾಟದ ಮಟ್ಟಿಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ವ್ಯವಸಾಯದ ವರಮಾನಕ್ಕೆ ಆದಾಯ ತೆರಿಗೆಯ ವಿನಾಯಿತಿಯೂ ಉಂಟು. ಆದರೆ ನೆರೆಹೊರೆಯವರ ಮಾಲನ್ನು ಕೊಂಡು ಮಾರುವವನು ಆ ಮಟ್ಟಿಗೆ ವ್ಯಾಪಾರಿಯೇ ಆಗುತ್ತಾನೆ. ಅಂಥವನು ಸ್ವಂತ ಬೆಳೆಯ ಲೆಕ್ಕವನ್ನೂ ವ್ಯಾಪಾರದ ಲೆಕ್ಕವನ್ನೂ ಬೇರೆಬೇರೆಯಾಗಿ ಇಡತಕ್ಕದ್ದು. ಮಂಡಿಯ ಚೀಟಿ, ತೂಕದ ಚೀಟಿ, ಗೊಬ್ಬರದ ರಸೀದಿಗಳನ್ನು ಒಂದು ಪೆಟ್ಟಿಗೆಯಲ್ಲಿ ತೆಗೆದಿಟ್ಟವನಿಗೆ ಯಾವ ನೋಟೀಸಿನ ಭಯವೂ ಇಲ್ಲ. ಬ್ಯಾಂಕಿನಲ್ಲಿ ಕಾಣುವ ವರಮಾನವು ನಾಳೆ ಸಾಲ ಕೇಳುವಾಗ ರೈತನ ಪರವಾಗಿ ಸಾಕ್ಷಿ ಹೇಳುತ್ತದೆ. ನಗದಿನ ವ್ಯವಹಾರವು ಯಾರ ಪರವಾಗಿಯೂ ಸಾಕ್ಷಿ ಹೇಳದು.

ಜಮೀನುದಾರರು ಯೋಚಿಸತಕ್ಕ ಮಾತು

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವನ್ನು ಜಮೀನುದಾರರ ಮುಂದೆ ಇಡಬೇಕಾಗಿದೆ. ೧೯೭೪ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಗೇಣಿಯು ದಾಖಲೆಯಿಂದ ಮರೆಯಾಯಿತು. ಆದರೆ ಬಾಯಿಮಾತಿನ ವಾರ, ಗುತ್ತಿಗೆಗಳು ಅನೇಕ ಕಡೆಗಳಲ್ಲಿ ನಡೆದೇ ಇವೆ. ಬೀಜ, ಗೊಬ್ಬರ, ಕೂಲಿಗಳಿಗೆ ಸಾಲ ಮಾಡಿದವನು ಉಳುವವನು. ಬೆಳೆ ಒಣಗಿದಾಗ ಪರಿಹಾರವು ಸೇರುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಹಿಂದೆ ಪರಿಹಾರವನ್ನು ಊರಿನಲ್ಲಿ ಹಂಚುವಾಗ ಹೊಲದಲ್ಲಿ ನಿಜವಾಗಿ ದುಡಿದವನಾರೆಂಬುದನ್ನು ನಾಲ್ಕು ಜನ ಹೇಳಬಹುದಾಗಿತ್ತು. ಈಗಿನ ನೇರ ಪಾವತಿಯು ನಡುವಿನವರ ಕೈಯನ್ನು ತಪ್ಪಿಸಿತೆಂಬುದು ಒಳ್ಳೆಯದೇ. ಆದರೆ ದಾಖಲೆಯಲ್ಲಿಲ್ಲದ ದುಡಿಮೆಗಾರನನ್ನು ಅದು ನೋಡದು. ಯಂತ್ರಕ್ಕೆ ಕಣ್ಣಿಲ್ಲದ ಕಡೆಯಲ್ಲಿ ಮನುಷ್ಯನಿಗೆ ಮನಸ್ಸಾಕ್ಷಿ ಇರಬೇಕು. ತಾನು ಬಿತ್ತದ ಬೆಳೆಯ ಪರಿಹಾರವು ತನ್ನ ಖಾತೆಗೆ ಬಂದಾಗ ಅದನ್ನು ಬಿತ್ತಿದವನಿಗೆ ತಲಪಿಸುವ ಜಮೀನುದಾರನು ಧರ್ಮವನ್ನೂ ಉಳಿಸಿಕೊಳ್ಳುತ್ತಾನೆ, ಮುಂದಿನ ವರ್ಷಕ್ಕೆ ಒಳ್ಳೆಯ ಒಕ್ಕಲನ್ನೂ ಉಳಿಸಿಕೊಳ್ಳುತ್ತಾನೆ.

ಗ್ರಾಮ ಪ್ರಮುಖರ ಕರ್ತವ್ಯ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯು ಯಂತ್ರದ ಕಾಲದಲ್ಲಿಯೂ ಸುಳ್ಳಾಗಿಲ್ಲ. ಓದುಬಾರದ ರೈತನ ಮೊಬೈಲನ್ನು ಮತ್ತೊಬ್ಬನು ಒತ್ತುತ್ತಾನೆ. ಅವನು ಒತ್ತಿದುದೇ ರೈತನ ಹಣೆಬರಹವಾಗುತ್ತದೆ. ಇದನ್ನು ತಪ್ಪಿಸಲು ಗ್ರಾಮ ಪ್ರಮುಖರು ಈ ಕೆಳಗಿನ ಕೆಲಸಗಳನ್ನು ಕೈಕೊಳ್ಳುವುದು ಯುಕ್ತ:

೧. ಪ್ರತಿ ಹಂಗಾಮಿನಲ್ಲಿಯೂ ಬೆಳೆ ಸಮೀಕ್ಷೆಯಲ್ಲಿ ನಮೂದಾದ ಬೆಳೆಗಳನ್ನು ಗ್ರಾಮದಲ್ಲಿ ಎಲ್ಲರ ಮುಂದೆ ಓದಿಸಬೇಕು. ೨೦೨೦ರಿಂದ ರೈತರೇ ತಮ್ಮ ಹೊಲದ ಚಿತ್ರವನ್ನು ತೆಗೆದು ಸಮೀಕ್ಷೆ ಮಾಡಿಕೊಳ್ಳಲು ಅವಕಾಶವಾಗಿದೆ. ರಾಗಿಯ ಹೊಲಕ್ಕೆ ಬೇರೆ ಬೆಳೆಯ ಹೆಸರು ಬಿದ್ದಿದ್ದರೆ ಆಗಲೇ ಆಕ್ಷೇಪಣೆ ಸಲ್ಲಿಸಬೇಕು. ಖರೀದಿ ಕೇಂದ್ರದ ಬಾಗಿಲಿನಲ್ಲಿ ತಿಳಿದರೆ ಪ್ರಯೋಜನವಿಲ್ಲ.

೨. ತೀರಿಹೋದವರ ಹೆಸರಿನಲ್ಲಿರುವ ಖಾತೆಗಳ ಪಟ್ಟಿಯನ್ನು ಮಾಡಿ, ವಾರಸುದಾರರನ್ನು ಕೂಡಿಸಿ, ಹೆಣ್ಣುಮಕ್ಕಳ ಹಕ್ಕನ್ನು ಮರೆಯದೆ, ಪೌತಿ ಖಾತೆಗಳನ್ನು ಮಾಡಿಸಬೇಕು.

೩. ಓದುಬಲ್ಲ ಒಬ್ಬ ತರುಣನಿಂದ ಹತ್ತಿರದ ಎರಡು ಮೂರು ಮಾರುಕಟ್ಟೆಗಳ ಆ ದಿನದ ಧಾರಣೆಯನ್ನು ಸಂಘದ ಗೋಡೆಯ ಮೇಲೆ ಬರೆಸಬೇಕು. ಬೆಲೆಯನ್ನು ತಿಳಿದು ಗಾಡಿ ಹೂಡುವವನಿಗೂ, ಗಾಡಿ ಹೂಡಿದ ಮೇಲೆ ಬೆಲೆ ಕೇಳುವವನಿಗೂ ಬಹಳ ಅಂತರವುಂಟು.

೪. ಹಣವನ್ನು ಪಡೆಯುವುದಕ್ಕೆ ಯುಪಿಐ ಗುಪ್ತಸಂಖ್ಯೆಯನ್ನು ಒತ್ತುವ ಅವಶ್ಯಕತೆಯೇ ಇಲ್ಲ. ಕೊಡುವುದಕ್ಕೆ ಮಾತ್ರ ಒತ್ತಬೇಕೆಂಬುದನ್ನು ಮನೆಮನೆಗೂ ತಿಳಿಸಬೇಕು. ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ ಹೇಳಕೂಡದು. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೆ ೧೯೩೦ ಸಂಖ್ಯೆಗೆ ದೂರು ಕೊಡಬೇಕು. ತಡವಾದಷ್ಟೂ ಹಣವು ದೂರವಾಗುತ್ತದೆ.

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂದು ಹಿರಿಯರು ಬೇಸಾಯದ ವಿಷಯದಲ್ಲಿ ಹೇಳಿದ ಮಾತು ಈಗ ಲೆಕ್ಕದ ವಿಷಯಕ್ಕೂ ಸಲ್ಲುತ್ತದೆ. ತನ್ನ ಪಹಣಿಯನ್ನು ತಾನೇ ನೋಡಿ, ತನ್ನ ಮಾಲಿನ ಬೆಲೆಯನ್ನು ತಾನೇ ತಿಳಿದು, ತನ್ನ ಚೀಟಿಯನ್ನು ತಾನೇ ಓದುವ ರೈತನಿಗೆ ಈ ಯಂತ್ರವು ಒಳ್ಳೆಯ ಜೋಡೆತ್ತಿನಂತೆ ದುಡಿಯುತ್ತದೆ. ಹಗ್ಗವನ್ನು ಪರರ ಕೈಗೆ ಕೊಟ್ಟವನಿಗೆ ಅದೇ ಎತ್ತು ಪರರ ಹೊಲವನ್ನು ಉಳುತ್ತದೆ.

ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಮೂರು ಅಕ್ಷರಗಳಾಗಿ ಹೋದುವು. ಪಟ್ಟಣ ಬೆಳೆಯುವಾಗ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಆ ಬಡಾವಣೆಗೆ ಈ ದಿನವೂ ಅನ್ನವಿಕ್ಕುತ್ತಿರುವ ಸಾವಿರಾರು ಗ್ರಾಮಗಳು ಗಣಕಯಂತ್ರದಲ್ಲಿ ಬರಿಯ ಸರ್ವೆ ನಂಬರುಗಳಾಗಿ ಉಳಿಯಬೇಕಾಗಿಲ್ಲ. ಅಲ್ಲಿನ ಪ್ರಮುಖರೂ ಜಮೀನುದಾರರೂ ಮನಸ್ಸುಮಾಡಿ ಮುಂದಿನ ಹಂಗಾಮಿನೊಳಗಾಗಿ ತಮ್ಮ ಗ್ರಾಮದ ದಾಖಲೆಗಳನ್ನು ನೇರ್ಪಡಿಸಿದರೆ, ಪಟ್ಟಣದ ಬೀದಿಯಲ್ಲಿ ಕ್ಷಣಮಾತ್ರದಲ್ಲಿ ಹರಿದಾಡುವ ಹಣದಲ್ಲಿ ಬೆಳೆದವನ ಪಾಲು ಬೆಳೆದವನಿಗೆ ಸೇರುವುದರಲ್ಲಿ ಸಂದೇಹವಿಲ್ಲ.